ವಾರಗಿತ್ತಿಯ ಸ್ಪ್ಯಾನಿಷ್

ಜ್ವರದಿಂದ ಎರಡು ಕ್ಲಾಸು ತಪ್ಪಿಸಿಕೊಂಡಿದ್ದ ಬಿಂದುಶ್ರೀ ನೋಟ್ಸ್ ಕೇಳಿದಾಗ, ವಾರಗಿತ್ತಿ ಕಲ್ಯಾಣಿ ‘ಹೋಗು’ ಎಂಬರ್ಥದ ಸ್ಪ್ಯಾನಿಷ್ ಕ್ರಿಯಾಪದದ ರೂಪಗಳನ್ನೆಲ್ಲ ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಟ್ಟಳು. ವರ್ತಮಾನ ಕಾಲ ಸರಿಯಾಗಿಯೇ ಇತ್ತು: ಬೋಯ್, ಬಾಸ್, ಬಾ. ಭೂತಕಾಲಕ್ಕೆ ಬಂದರೆ ಆ ಹಾಳು ಕ್ರಿಯಾಪದ ಗುರುತೇ ಸಿಗದಂತೆ ಫುಯಿ, ಫುಯಿಸ್ತೆ ಆಗಿಬಿಡುತ್ತದೆ. ಕಲ್ಯಾಣಿ ಅಲ್ಲಿ ಬೇಕೆಂದೇ ಬೋಯೆ, ಬೋಯಿಸ್ತೆ ಎಂದು ಬರೆದಳು. ‘ಹೋಗಲಿ’ ಎಂದು ಹಾರೈಸುವ ರೂಪವನ್ನೂ ಕೆಡಿಸಿಟ್ಟಳು.

ಮತ್ತೇನು ಮಾಡಬೇಕಿತ್ತು? ಹುಳಿಮಾವಿನ ಆ ಮನೆಯಲ್ಲಿ ಅತ್ತೆ ಸಪ್ಪಲಮ್ಮನದು ಒಂದೇ ಕಾನೂನು: ದೊಡ್ಡ ಸೊಸೆಗೆ ಏನು ಕೊಟ್ಟರೂ ಚಿಕ್ಕ ಸೊಸೆಗೂ ಅದೇ. ಸೀರೆ, ಓಲೆ, ಕೊನೆಗೆ ಮೊಬೈಲು ಕೂಡ ಜೋಡಿ. ಮದುವೆಯಾಗಿ ಹನ್ನೆರಡು ವರ್ಷಕ್ಕೆ ಕಲ್ಯಾಣಿ ತನಗೆಂದು ಬಾಯಿಬಿಟ್ಟು ಕೇಳಿದ್ದು ಜಯನಗರದ ಈ ಸ್ಪ್ಯಾನಿಷ್ ಕ್ಲಾಸು ಒಂದನ್ನೇ. “ಇಬ್ರೂ ಹೋಗ್ರಮ್ಮ, ಆಮೇಲೆ ಮುನಿಸು ಬೇಡ” ಎಂದು ಅತ್ತೆ ಇಬ್ಬರನ್ನೂ ಸೇರಿಸಿದರು. ಸೇರಿದವಳು ಸುಮ್ಮನೆ ಹಿಂದಿನ ಬೆಂಚಿನಲ್ಲಿ ಕೂರಬೇಕೋ ಬೇಡವೋ? ತಿಂಗಳೊಳಗೆ ಬಿಂದುಶ್ರೀ ಕ್ಲಾಸಿಗೇ ಮೊದಲು.

ಶನಿವಾರ ಚೈತನ್ಯ ಮೇಡಂ ಮೊದಲು ಎಬ್ಬಿಸಿದ್ದೂ ಅವಳನ್ನೇ. ಬೋಯೆ, ಬೋಯಿಸ್ತೆ ಎಂದು ಬಿಂದುಶ್ರೀ ಪಟಪಟನೆ ಒಪ್ಪಿಸಿದಳು. ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು.

“ಇದನ್ನ ಯಾರು ಹೇಳ್ಕೊಟ್ಟಿದ್ದು?”

ಬಿಂದುಶ್ರೀ ಒಮ್ಮೆ ಕಲ್ಯಾಣಿಯ ಕಡೆ ನೋಡಿದಳು. “ನಾನೇ ತಪ್ಪಾಗಿ ಬರ್ಕೊಂಡೆ ಮೇಡಂ.”

ಮುಂದಿನ ಸರದಿ ಕಲ್ಯಾಣಿಯದು. ಫುಯಿ, ಫುಯಿಸ್ತೆಯಿಂದ ಹಿಡಿದು ಹಾರೈಸುವ ರೂಪವಾದ ‘ಬಾಯಾ’ವರೆಗೆ ಒಂದೂ ತಪ್ಪಿಲ್ಲದೆ ಹೇಳಿದಳು. ಚಪ್ಪಾಳೆ ಬಿತ್ತು. ಪಕ್ಕದಲ್ಲಿ ಬಿಂದುಶ್ರೀ ಅವಳು ಬರೆದುಕೊಟ್ಟಿದ್ದ ಹಾಳೆಯನ್ನು ನೋಡುತ್ತ, ಒಂದೊಂದೇ ಸಾಲನ್ನು ತಿದ್ದಿಕೊಳ್ಳುತ್ತಿದ್ದಳು.

ಮನೆಗೆ ಹೊರಟ ಸ್ಕೂಟರು ಬನ್ನೇರುಘಟ್ಟ ರಸ್ತೆಯ ಸಿಗ್ನಲ್ಲಿನಲ್ಲಿ ನಿಂತಾಗ, ಹಿಂದೆ ಕೂತಿದ್ದವಳು ಮೆಲ್ಲಗೆ ಬಾಯಿಬಿಟ್ಟಳು. “ಅಕ್ಕ, ನಾನಿನ್ನು ಕ್ಲಾಸಿಗೆ ಬರಲ್ಲ. ನಂಗಿದು ತಲೆಗೆ ಹತ್ತಲ್ಲ ಅಂತ ಅತ್ತೆಗೆ ಹೇಳ್ತೀನಿ. ನಿಮಗೆ ಅಂತ ಒಂದಾದ್ರೂ ಇರ್ಲಿ.”

ಬೇಡಿದ್ದು ಕೈಗೆ ಬಂದಿತ್ತು. ತಪ್ಪಾಯ್ತು ಅನ್ನಬೇಕಿತ್ತು. ಹಸಿರು ದೀಪ ಬಿದ್ದು ಹಿಂದಿನವರು ಹಾರನ್ ಬಾರಿಸುತ್ತಿದ್ದರೂ ಕಲ್ಯಾಣಿ ಗಾಡಿ ಬಿಡಲಿಲ್ಲ. ಒಳ್ಳೆಯವಳಾಗುವುದರಲ್ಲೂ ಇವಳೇ ಮೊದಲು ಬಂದುಬಿಟ್ಟಳಲ್ಲ ಎಂದು ಅವಳ ಹೊಟ್ಟೆ ಉರಿಯುತ್ತಿತ್ತು.