ಅವನ ಫೋನಿಗೆ ಬಂದ ಓಟಿಪಿ

"ನಿನ್ನ ಗಂಡನ ಫೋನಿಗೆ ಓಟಿಪಿ ಹೋಗೇತಿ, ಲಗೂನ ಕೇಳವಾ. ಸ್ಕಾಲರ್‌ಶಿಪ್ಪಿಗೆ ಇವತ್ತ ಕಡೀ ದಿನ," ಎಂದು ಯಲಬುರ್ಗಾದ ಕಾಲೇಜಿನ ಕ್ಲರ್ಕ್ ಶೋಭಾರಾಣಿ ತನ್ನ ಮೊಬೈಲನ್ನೇ ಹನುಮಂತಮ್ಮನ ಕೈಗಿಟ್ಟಳು. ಹನುಮಂತಮ್ಮ ನಂಬರು ಒತ್ತದೆ ಮೊಬೈಲನ್ನೇ ನೋಡುತ್ತಿದ್ದದ್ದು ಕಂಡು, "ಯಾಕ, ಓದಬ್ಯಾಡ ಅಂತಾನೇನು?" ಎಂದು ನಕ್ಕಳು.

ಗಂಡ ಕಳಕೇಶ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಹನುಮಂತಮ್ಮನ ಆಧಾರ್ ಕಾರ್ಡಿಗೆ ಜೋಡಿಸಿದ್ದು ಮಾತ್ರ ಇನ್ನೂ ಅವನದೇ ನಂಬರು. ಆ ಫೋನನ್ನು ಅತ್ತೆ ಮಾಳವ್ವ ದಿನಾ ಚಾರ್ಜ್ ಮಾಡಿ ಅವನ ದಿಂಬಿನ ಪಕ್ಕ ಇಡುತ್ತಿದ್ದಳು, ಸೊಸೆಗೂ ಮುಟ್ಟಗೊಡುತ್ತಿರಲಿಲ್ಲ. ಕಾಲೇಜು ಸೇರುವ ಮಾತನ್ನು ಹನುಮಂತಮ್ಮ ಅತ್ತೆಗೆ ಹೇಳಿಯೂ ಇರಲಿಲ್ಲ. ಸ್ಕಾಲರ್‌ಶಿಪ್ ತಪ್ಪಿದರೆ ಮತ್ತೆ ಕೂಲಿಯೇ ಗತಿ. ನಂಬರು ಒತ್ತಿದಳು.

"ಯಾರ್ರಿ? ಕಳಕೇಶ ಮಲಗ್ಯಾನ್ರಿ," ಎಂದಿತು ಅತ್ತೆಯ ದನಿ.

ಹನುಮಂತಮ್ಮನಿಗೆ ತನ್ನ ಹೆಸರು ಹೇಳಲು ಬಾಯಿ ಬರಲಿಲ್ಲ. "ಕಾಲೇಜಿನಿಂದ್ರಿ," ಎಂದಳು. "ಅವರ ಹೆಂಡ್ತಿ ಇಲ್ಲಿ ಓದಾಕ ಸೇರಾಕತ್ಯಾರ. ಫೋನಿಗೆ ಮೆಸೇಜ್ ಬಂದೈತಿ, ಅದರಾಗಿನ ಅಂಕಿ ಹೇಳ್ರಿ."

"ತಡೀರಿ, ಎಬ್ಬಸ್ತೀನಿ." ದನಿ ಫೋನಿನಿಂದ ದೂರ ಸರಿಯಿತು. "ಕಳಕೇಶಾ, ಏಳಪಾ. ನಿನ್ನ ಹೆಂಡ್ತಿ ಕಾಲೇಜಿಗೆ ಸೇರ್ತಾಳಂತ. ಅಂಕಿ ಹೇಳ್ಲೇನು?"

ಆ ಕಡೆ ಫ್ಯಾನಿನ ಸಪ್ಪಳವಷ್ಟೇ ಕೇಳುತ್ತಿತ್ತು. ಮೊಬೈಲನ್ನು ಕಿವಿಗೆ ಒತ್ತಿ ಹಿಡಿದು, ಹನುಮಂತಮ್ಮನೂ ಅವನ ಉತ್ತರಕ್ಕೆ ಕಾದಳು.

"ಹೂಂ ಅಂದಾನ್ರಿ," ಎಂದಳು ಮಾಳವ್ವ. "ಬರಕೋರಿ."