ಬಾಗಿಲು ಮುಳುಗಿದ ಮನೆ

ವರ್ಷಕ್ಕೊಂದು ಮೊಳ ಭೂಮಿಯೊಳಗೆ ಇಳಿಯುವ ಊರಿನಲ್ಲಿ, ಮನೆಗಳನ್ನು ಎತ್ತಿ ಕೂರಿಸಲೆಂದು ಪುರಸಭೆ ಪುನಶ್ಚೇತನ ಸಂಸ್ಥೆಯೊಂದನ್ನು ತೆರೆದಿತ್ತು. ಗುರುಸಿದ್ಧವ್ವ ಎಲ್ಲರಂತೆ ಸೆರಗು ಬಿಗಿದು, ಕಿಟಕಿಯಿಂದ ಆ ಕಚೇರಿಯೊಳಗೆ ಇಳಿದಳು.

“ಬಾಗಿಲು ಅರ್ಧ ಮುಳುಗಿದ ಮ್ಯಾಲೆ ಬರ್ರಿ ಅಂದಿದ್ರಿ. ಬಂದು ಅರ್ಜಿ ಕೊಟ್ಟು ಎರಡು ವರ್ಷ ಆತು.”

ಅವಳು ತಂದಿದ್ದ ಮನೆಯ ಹೊಸ ಫೋಟೊವನ್ನು ಗುಮಾಸ್ತ ಹಡಪದ ನೋಡಿದ. “ಈಗ ಪೂರ್ತಿ ಮುಳುಗೇತಲ್ಲ ಅಕ್ಕಾರ. ಬಾಗಿಲಿಲ್ಲದ್ದು ಮನಿ ಅಲ್ಲ, ನೆಲಮಾಳಿಗಿ. ಅದು ನಮ್ಮ ಕಡೆ ಬರೂದಿಲ್ಲ.”

“ಅದು ಮುಳುಗೂತನಕ ಅರ್ಜಿ ಮ್ಯಾಲೆ ಕುಂತವ್ರು ನೀವ.”

ಅವಳು ಸಿಟ್ಟಿನಿಂದ ಕಿಟಕಿ ಹತ್ತುವಾಗ ಹಡಪದ ಕೆಳಗಿನಿಂದ ಒಂದು ಲಕೋಟೆ ಚಾಚಿದ.

“ಹೆಂಗೂ ಮ್ಯಾಲೆ ಹೊಂಟೀರಿ, ಇದನ್ನ ಪುರಸಭಾದಾಗ ಕೊಟ್ಟುಬಿಡ್ರಿ. ನಮ್ಮ ಆಫೀಸ್ ಎತ್ತಸ್ರಿ ಅಂತ ಬರದದ್ದು. ಇದು ಏಳನೇ ಅರ್ಜಿ.”