ಸವೆಯದ ಎಫ್ ಕೀಲಿ

ಗುರುಲಿಂಗವ್ವ ಕೀಬೋರ್ಡನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದಳು. ಡಬ್ಲ್ಯೂ, ಎ, ಎಸ್, ಡಿ ಈ ನಾಲ್ಕು ಕೀಲಿಗಳ ಮೇಲಿನ ಅಕ್ಷರ ಪೂರಾ ಅಳಿಸಿಹೋಗಿತ್ತು. ಉಳಿದವು ನಿನ್ನೆ ಮೊನ್ನೆ ಪೆಟ್ಟಿಗೆಯಿಂದ ತೆಗೆದಂತಿದ್ದವು. ಎದುರಿಗೆ ಕುಳಿತಿದ್ದ ಇಳಕಲ್ಲಿನ ಸುನೀಲಕುಮಾರ ಮಾಸ್ತರರು ಹಣೆ ಒರೆಸಿಕೊಂಡರು.

"ಎರಡು ವರ್ಷ ಸಾಲಿ ಪ್ರಶ್ನೆಪತ್ರಿಕಿ ಇದರಾಗ ಟೈಪ್ ಮಾಡೇನ್ರಿ. ಮೆಕ್ಯಾನಿಕಲ್ ಬೋರ್ಡು, ಗಟ್ಟಿ ಮಾಲು. ಹೊಸಾದರ ಅರ್ಧ ರೇಟಿಗೆ ಕೊಡಾಕತ್ತೇನಿ."

ಹುನಗುಂದದ ಕೋರ್ಟಿನ ಎದುರು ಅರ್ಜಿ ಟೈಪ್ ಮಾಡಿ ಮನೆ ನಡೆಸುವವಳಿಗೆ ಅರ್ಧ ರೇಟೂ ಹಗುರವಲ್ಲ. ಅಗ್ಗದ ಕೀಬೋರ್ಡುಗಳು ಮೂರು ತಿಂಗಳಿಗೊಂದರಂತೆ ಅವಳ ಕೈಯಲ್ಲಿ ಸತ್ತಿದ್ದವು. ಇದೂ ಕೈಕೊಟ್ಟರೆ ಗಿರಾಕಿಗಳು ಪಕ್ಕದ ಅಂಗಡಿ ಹತ್ತುವುದು ಖಂಡಿತ. ಅವಳು ಎಫ್ ಕೀಲಿಯ ಮೇಲೆ ಬೆರಳಿಟ್ಟಳು. ಕನ್ನಡದಲ್ಲಿ ಒತ್ತಕ್ಷರ ಮೂಡಬೇಕಾದರೆ ಒತ್ತುವ ಕೀಲಿ ಅದು. ಅದರ ಮೇಲೆ ಒಂದು ಗೀರೂ ಇರಲಿಲ್ಲ.

"ಮಾಸ್ತರ, ನಿಮ್ಮ ಸಾಲ್ಯಾಗ ಒತ್ತಕ್ಷರ ಕಲಿಸೂದಿಲ್ಲೇನ್ರಿ?"

"ಯಾಕ್ರಿ ಅಕ್ಕಾರ?"

"ಎಫ್ ಮುಟ್ಟದೇ 'ಪ್ರಶ್ನೆ' ಅಂತ ಹೆಂಗ ಹೊಡದ್ರಿ? 'ಸುಳ್ಳು' ಅಂತ ಹೊಡಿಯಾಕೂ ಎಫ್ ಬೇಕಾಗತೈತಿ!"

ಮಾಸ್ತರರ ಮುಖ ಕೆಂಪಾಯಿತು. "ಆ ನಾಕು ಕೀಲಿ ಒತ್ತಿ ಗೇಮ್ ಆಡ್ತಿದ್ದೆರಿ," ಅಂದರು ಮೆಲ್ಲಗೆ. "ಈ ವಯಸ್ಸಿನಾಗ ಹೇಳಾಕ ನಾಚಿಕಿ ಬಂತು." ಕೀಬೋರ್ಡನ್ನು ಚೀಲಕ್ಕೆ ತುಂಬಲು ಕೈ ಚಾಚಿದರು.

ಗುರುಲಿಂಗವ್ವ ಅದನ್ನು ತನ್ನ ಕಡೆ ಎಳೆದುಕೊಂಡಳು. "ಇಡ್ರಿ ಅಲ್ಲೇ! ಎರಡು ವರ್ಷ ಟೈಪ್ ಮಾಡಿದ್ದು ಅಂದಾಗ ಒಲ್ಲೆ ಅನ್ನಾಕ ಹೊಂಟಿದ್ದೆ. ನನಗ ಬೇಕಾದ ಕೀಲಿ ನೀವು ಮುಟ್ಟೇ ಇಲ್ಲಲ್ರಿ."